ಸೇರಿದ ದಿನಾಂಕ

ನವೆಂಬರ್ ಬಂತೆಂದರೆ ಪುಣೆಯ ನಮ್ಮ ಕಚೇರಿಗೆ
ಬದುಕಿರುವವರೆಲ್ಲ ಬರುತ್ತಾರೆ,
ಬದುಕಿದ್ದೇವೆ ಎಂದು ಬರೆದುಕೊಡಲು.

ಮಫ್ಲರ್ ಸುತ್ತಿದ ಹೆಡ್‌ಮಾಸ್ತರರು,
ಮೊಮ್ಮಗನ ಸ್ಕೂಟರಿನಿಂದ ಮೆಲ್ಲಗೆ ಇಳಿಯುವ ನರ್ಸಮ್ಮಗಳು,
ಸಾಸವಡದ ಮೊದಲ ಬಸ್ಸು ಹಿಡಿದು ಬಂದ
ಎಂಬತ್ತೊಂದರ ಗ್ರಾಮಸೇವಕ ದಿಗಂಬರ ಕುದಳೆ,
ಚೀಲದಲ್ಲಿ ನಾಲ್ಕು ಸೀತಾಫಲ:
"ಲಂಚ ಅಲ್ಲ ಮ್ಯಾಡಮ್, ಹಣ್ಣು."
ಎರಡು ತೆಗೆದುಕೊಂಡು ಎರಡು ಹಿಂದಿರುಗಿಸುತ್ತೇನೆ.
ನಿಯಮ ಏನನ್ನುತ್ತದೋ ಗೊತ್ತಿಲ್ಲ.

ನನ್ನ ಕೆಲಸ ಇಷ್ಟೇ:
ಕೊನೆಯ ಸಂಬಳವನ್ನು ಅರ್ಧ ಮಾಡುವುದು,
ಅದಕ್ಕೆ ತುಟ್ಟಿಭತ್ಯೆ ಕೂಡಿಸುವುದು,
ಸತ್ತವರ ಹೆಸರು ಹೊಡೆದು
ಹೆಂಡತಿಯ ಹೆಸರು ಬರೆಯುವುದು.
ಇಪ್ಪತ್ತು ವರ್ಷ ಪರರ ಮುಪ್ಪಿಗೆ ಲೆಕ್ಕ ಹಾಕಿದ್ದೇನೆ.
ನನ್ನದು ಆ ಪುಸ್ತಕದಲ್ಲಿಲ್ಲ.

ನೇಮಕದ ಕಾಗದ ಅಕ್ಟೋಬರಿನಲ್ಲೇ ಬಂದಿತ್ತು.
"ದೀಪಾವಳಿ ಮುಗಿಸ್ಕೊಂಡ ಹೋಗ,
ಸರಕಾರ ಎಲ್ಲಿಗಿ ಓಡಿ ಹೊಕ್ಕೈತಿ?" ಅಂದಳು ಅವ್ವ.
ಓಡಿತು.
ನವೆಂಬರ್ ಒಂದರಿಂದ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ.
ನಾನು ಸೇರಿದ್ದು ಏಳಕ್ಕೆ, ಸೋಮವಾರ.
ಆ ಒಂದನೇ ತಾರೀಕು ಇಂಡಿಯಲ್ಲಿ, ಸೋದರಮಾವನ ಶಾಲೆಯಲ್ಲಿ,
ಕೆಂಪು ಹಳದಿ ಬಾವುಟ ಏರಿಸಿ ಪೇಢೆ ಹಂಚುತ್ತಿದ್ದರು.
ನಾನೂ ಒಂದು ತಿಂದೆ.

ಈಗ ನನ್ನ ಮುಪ್ಪು ಫೋನಿನೊಳಗಿನ ಒಂದು ಅಂಕಿ.
ಎಲ್ಲೋ ಯಾರೋ ಬಾಂಬು ಹಾಕಿದರೆ
ಇಲ್ಲಿ ಮೂರು ತಿಂಗಳ ಅಕ್ಕಿ ಕಡಿಮೆಯಾಗುತ್ತದೆ.
ಮರುವಾರ ಮತ್ತೆ ಬರುತ್ತದೆ, ಬಂದರೆ.

ಕ್ಯಾಂಟೀನಿನ ಟೀವಿಯಲ್ಲಿ ಇಬ್ಬರು ಜಗಳಾಡುತ್ತಾರೆ.
ಒಬ್ಬ: ಕೊಟ್ಟರೆ ಖಜಾನೆ ಖಾಲಿ, ರಸ್ತೆಗೆ ಡಾಂಬರಿಲ್ಲ.
ಇನ್ನೊಬ್ಬ: ಗೆದ್ದ ಮರುದಿನವೇ ಕೊಡುತ್ತೇವೆ.
ಎಲ್ಲಿಂದ? ಅಂದರೆ, ಮನಸ್ಸಿದ್ದರೆ ಮಾರ್ಗ.
ಇಬ್ಬರೂ ಮಾಜಿ ಶಾಸಕರು, ಇಬ್ಬರಿಗೂ ಪಿಂಚಣಿ ಬರುತ್ತದೆ.
ಅದನ್ನು ಕೇಳುವ ಮೊದಲು ಜಾಹೀರಾತು ಬಂತು.

ಮುಷ್ಕರದ ದಿನ ಬಿಳಿ ಟೊಪ್ಪಿಗೆ ಹಾಕಿಕೊಂಡು
ಗೇಟಿನ ಮುಂದೆ ನಾನೂ ಕೂಗಿದ್ದೇನೆ, ಗಂಟಲು ಕಟ್ಟುವವರೆಗೆ.
ಚಹಾದ ಗಾಡಿಯ ತಾನುಬಾಯಿ ಲೋಂಢೆ
ಅವತ್ತು ಮೂರು ಪಟ್ಟು ಹಾಲು ತರಿಸಿದ್ದಳು.
ಮಧ್ಯಾಹ್ನ, ಘೋಷಣೆ ಸುಸ್ತಾದಾಗ,
ಕಟಿಂಗ್ ಗ್ಲಾಸು ನನ್ನ ಕೈಗಿಡುತ್ತ ಕೇಳಿದಳು:
"ನೀವು ಕೇಳೋ ದುಡ್ಡು ಯಾರದು?"
ಸರಕಾರದ್ದು, ಅಂದೆ.
"ಸಕ್ಕರೆ ಪಾಕೀಟಿಗೆ ನಾನೂ ತೆರಿಗೆ ಕೊಡ್ತೀನಿ.
ನನ್ನ ಕೊನೆ ಸಂಬಳ ಎಷ್ಟಂತ ನೋಡಿ,
ಅರ್ಧ ಮಾಡಿಕೊಡು."
ಸಿಟ್ಟಿರಲಿಲ್ಲ ದನಿಯಲ್ಲಿ. ಪುಡಿ ಮುಗಿದಿತ್ತು,
ಡಬ್ಬಿ ಬಡಿಯುತ್ತಿದ್ದಳು.
ಅರವತ್ತೆಂಟು ಅವಳಿಗೆ. ಸೇರಿದ ದಿನಾಂಕ: ನೆನಪಿಲ್ಲ.
ಮತ್ತೆ ಮೈಕು ಕೂಗಿತು, ಎದ್ದು ಹೋದೆ.
ಕೂಗಿದೆ ಕೂಡ. ನನ್ನ ಏಳು ದಿನ ನನ್ನವೇ ಅಲ್ಲವೇ.

ಕುದಳೆಯವರ ಹೆಬ್ಬೆಟ್ಟು ಯಂತ್ರಕ್ಕೆ ಸಿಗುತ್ತಿಲ್ಲ.
ಗೆರೆಗಳೆಲ್ಲ ಸವೆದಿವೆ.
ಒದ್ದೆ ಬಟ್ಟೆಯಿಂದ ಒರೆಸಿ ಒತ್ತಿದೆ: ಕೆಂಪು ದೀಪ.
ತೋರುಬೆರಳು: ಕೆಂಪು.
"ಇಷ್ಟು ದೂರ ಸತ್ತು ಬಂದೆನೇ?" ಅಂತ ನಗುತ್ತಾರೆ.
ಎಡಗೈ ಉಂಗುರದ ಬೆರಳು, ಕೊನೆಗೆ, ಹಸಿರು.

"ನಿನ್ನ ನಿವೃತ್ತಿ ಯಾವಾಗ?"
ಇನ್ನು ಹನ್ನೊಂದು ವರ್ಷ.
"ಆಮೇಲೆ ನೀನೂ ಬರ್ತೀಯಲ್ಲ, ಕಿಟಕಿಯ ಈ ಕಡೆಗೆ."
ಹ್ಞೂಂ, ಅಂದೆ.

ಚೀಟಿ ಮಡಚಿ ಒಳಜೇಬಿಗೆ ಇಟ್ಟುಕೊಂಡು ಹೊರಟರು.
ಉಳಿದೆರಡು ಹಣ್ಣನ್ನೂ ಕಡತದ ಮೇಲೆ ಬಿಟ್ಟು ಹೋಗಿದ್ದಾರೆ.
ಒಂದು ಆಗಲೇ ಮೆತ್ತಗಾಗಿದೆ.