ಪೋರ್ಟ್ ವಿಲಾದಿಂದ ಒಲೆ ಹಚ್ಚುವುದು

ಸಂಜೆ ಏಳು. ಬೆನ್ನಿಗೆ ಅಂಗಿ ಅಂಟಿದೆ.
ಫ್ಯಾನು ಬಿಸಿಗಾಳಿಯನ್ನೇ ಮಗುಚಿ ಮಗುಚಿ ಹಾಕುತ್ತಿದೆ
ಕಾವಲಿಯ ಮೇಲಿನ ರೊಟ್ಟಿಯ ಹಾಗೆ.
ಪರದೆಯಲ್ಲಿ ನನ್ನ ಹೆಸರು ಕ್ಲೇರ್.
ಅಮ್ಮ ಇಟ್ಟದ್ದು ಲೇಮಾರಾ;
ಅದನ್ನು ಬರೆಯಲು ಕಂಪನಿಯ ಚೌಕದಲ್ಲಿ
ಜಾಗವಿತ್ತು, ಮನಸ್ಸಿರಲಿಲ್ಲ.

ವಿನ್ನಿಪೆಗ್‌ನಲ್ಲಿ ಈಗ ನಸುಕಿನ ಎರಡು.
ನಾನು ಉಟ್ಟು ಬೆವರಾಗಿಸಿದ ಈ ಶುಕ್ರವಾರ
ಅಲ್ಲಿ ಇನ್ನೂ ಮಡಿಕೆ ಬಿಚ್ಚಿಲ್ಲ.
ಸೊನ್ನೆಯಿಂದ ಮೂವತ್ತೊಂದು ಮೆಟ್ಟಿಲು ಕೆಳಗೆ ಇಳಿದ ಊರು.
ಜನ ಎದ್ದು ಕೂತು ನನಗೆ ಬರೆಯುತ್ತಾರೆ:
ಹೀಟರ್ ಆರಿದೆ. ನಲ್ಲಿ ಕಟ್ಟಿದೆ. ಮಗು ನಡುಗುತ್ತಿದೆ.

ಹಿಮ ಅಂತ ನಾನು ನೋಡಿದ್ದು
ಮೀನಂಗಡಿಯ ಫ್ರೀಜರಿನ ಅಂಚಿನಲ್ಲಿ,
ಚಾಕುವಿನಿಂದ ಕೆರೆದು ತೆಗೆಯುವ ಕೊಳಕು ಬಿಳಿ.
ಆದರೂ ಈ ಹನ್ನೊಂದು ತಿಂಗಳಲ್ಲಿ
ಆ ಊರಿನ ನೆಲಮಾಳಿಗೆಗಳೆಲ್ಲ ನನಗೆ ಗೊತ್ತು:
ಯಾವ ಬೀದಿಯಲ್ಲಿ ಹಳೆಯ ಮಾದರಿ,
ಯಾವುದರ ಮುಚ್ಚಳ ಒದ್ದರೆ ಮಾತ್ರ ತೆರೆಯುತ್ತದೆ.

ಮೊದಲು ಹೋಟೆಲಿನ ಸ್ವಾಗತದ ಕಟ್ಟೆಯಲ್ಲಿದ್ದೆ.
ಹಡಗು ಬಂದ ದಿನ ಮುನ್ನೂರು ಸಲ ನಗು.
ಭೂಕಂಪಕ್ಕೆ ಆ ಕಟ್ಟಡ ಮಂಡಿಯೂರಿದ ಮೇಲೆ
ನಗಬೇಕಿಲ್ಲದ ಕೆಲಸ ಸಿಕ್ಕಿತು.
ಕಿವಿಗೆ ಹೂ ಸಿಕ್ಕಿಸಬೇಕಿಲ್ಲ. ಅದೊಂದು ಸುಖ.

ಇವತ್ತು ಓರೆಸ್ಟ್ ಅನ್ನುವವರು. ಎಂಬತ್ತೊಂದು ವರ್ಷ.
ಮೂರು ಚುಕ್ಕಿ ಕುಣಿದು ಕುಣಿದು
ಕೊನೆಗೆ ಒಂದು ಶಬ್ದ ಉದುರುತ್ತದೆ: ಚಳಿ.

ಕೋಟು ಹಾಕಿಕೊಂಡು ಕೆಳಗಿಳಿಯಿರಿ, ಸರ್.
ಹಾಕಿಕೊಂಡೇ ಮಲಗಿದ್ದೆ.
ಎಡಕ್ಕೆ ಪುಟ್ಟ ಗಾಜಿನ ಕಿಂಡಿಯಿದೆ.
ಒಳಗೆ ನೀಲಿ ಕಿಡಿ ಕಾಣುತ್ತದೆಯೇ?

ಮೂರು ಚುಕ್ಕಿ.

ಆಗ ನೆಲ ಅಲುಗಿತು.
ದೊಡ್ಡದಲ್ಲ. ಲೋಟದ ನೀರು ಉಂಗುರ ಬಿಟ್ಟಿತು,
ಬೀದಿನಾಯಿಗಳು ಒಟ್ಟಿಗೆ ಬಾಯಿ ಮುಚ್ಚಿದವು,
ಕೆಳಗಿನ ಅಂಗಡಿಯಲ್ಲಿ ಡಬ್ಬಿಗಳು ಹಲ್ಲು ಕಡಿದವು.
ಲೇಸವಿ ಅತ್ತೆ ಮೊಮ್ಮಗನನ್ನು ಕಂಕುಳಿಗೆ ಸಿಕ್ಕಿಸಿಕೊಂಡು
ಅಂಗಳಕ್ಕೆ ಓಡಿದಳು, ನನ್ನ ಹೆಸರು ಕೂಗುತ್ತ,
ಅಮ್ಮ ಇಟ್ಟ ಹೆಸರು.

ನಾನು ಬಾಗಿಲ ಚೌಕಟ್ಟಿನಡಿ ನಿಂತು
ಲ್ಯಾಪ್‌ಟಾಪನ್ನು ತೋಳಲ್ಲಿ ಆತುಕೊಂಡು
ಒಂದೇ ಬೆರಳಿನಲ್ಲಿ ಒತ್ತಿದೆ:
ಒಂದು ನಿಮಿಷ, ದಯವಿಟ್ಟು.

ನನ್ನ ಹತ್ತಿರ ಬೇಕಾದಷ್ಟಿವೆ, ಅಂದರು ಅವರು.

ಅಷ್ಟರಲ್ಲಿ ಕರೆಂಟು ಹೋಯಿತು. ಗೋಡೆಯ ಮೇಲಿನ
ಪೆಟ್ಟಿಗೆಯ ಹಸಿರು ಕಣ್ಣೂ ಮುಚ್ಚಿತು.
ಮೊಬೈಲಿಗೆ ಸಿಗ್ನಲ್ಲು ಹಿಡಿಯುವುದು ಒಂದೇ ಕಡೆ:
ಕಲ್ತಾಕ್ ಮಾವನ ನಕಮಾಲಿನಲ್ಲಿ, ಜೀಗುಜ್ಜೆ ಮರದ ಬುಡ.
ಗೇಟಿಗೆ ಕೆಂಪು ಲಾಂದ್ರ ತೂಗುತ್ತಿದ್ದರೆ
ಒಳಗೆ ಕಾವಾ ಇದೆ ಎಂದರ್ಥ. ತೂಗುತ್ತಿತ್ತು.

ಅಲ್ಲಿ ಯಾರೂ ದನಿಯೆತ್ತುವುದಿಲ್ಲ.
ಚಿಪ್ಪನ್ನು ಒಂದೇ ಉಸಿರಿಗೆ ಬರಿದು ಮಾಡಿ
ಕತ್ತಲಿಗೆ ಉಗುಳಿ, ನಾಲಿಗೆ
ಮರಗಟ್ಟುವುದನ್ನು ಕಾಯುತ್ತ ಕೂರುತ್ತಾರೆ.
ಅವರ ನಡುವೆ ನನ್ನ ಪರದೆ ಮಾನಗೆಟ್ಟು ಬೆಳಗಿತು.
ಮಾವ ತನ್ನ ಟೋಪಿ ತೆಗೆದು ಅದಕ್ಕೆ ಅರ್ಧ ಮರೆ ಮಾಡಿದ.

ಓರೆಸ್ಟ್ ಇನ್ನೂ ಇದ್ದರು.
ನಾಲ್ಕು ಸಾಲು ಬಂದು ಬಿದ್ದಿದ್ದವು:
ಮಂಡಿಯೂರಿದ್ದೇನೆ.
ಏಳಲು ಹೊತ್ತು ಬೇಕು.
ಕಿಡಿ ಇಲ್ಲ.
ನಿಮ್ಮ ಕಡೆ ಹೇಗಿದೆ, ಕ್ಲೇರ್?

ಇದಕ್ಕೆ ಉತ್ತರ ಕಂಪನಿಯ ಪಟ್ಟಿಯಲ್ಲಿದೆ,
ಹನ್ನೆರಡನೆಯದು:
ಇಲ್ಲಿಯೂ ಚಳಿಯೇ, ಸರ್. ಬೆಚ್ಚಗಿರಿ.
ಬರೆದೆ. ಅಳಿಸಿದೆ.
ಹುಬ್ಬಿನಿಂದ ಬೆವರು ಇಳಿದು ಕೀಲಿಗಳ ಮೇಲೆ ಬಿತ್ತು.

ಇಲ್ಲಿ ಈಗಷ್ಟೇ ನೆಲ ನಡುಗಿತು, ಅಂತ ಬರೆದೆ.
ಒಂದು ಕೆಂಪು ದೀಪವಿದೆ. ಸುತ್ತ ಹತ್ತು ಜನ,
ಯಾರೂ ಮಾತಾಡುತ್ತಿಲ್ಲ.
ಈಗ ಕಿಂಡಿಯ ಕೆಳಗಿನ ಗುಂಡಿ ಒತ್ತಿ ಹಿಡಿಯಿರಿ.
ಮೂವತ್ತು ಎಣಿಸಿ. ಬಿಡಬೇಡಿ.

ನಾನೂ ಎಣಿಸಿದೆ. ಸದ್ದು ಹೊರಬಂದಿತೇನೋ,
ಪಕ್ಕದ ಬೆಂಚಿನವನು ಜೊತೆಗೆ ಎಣಿಸತೊಡಗಿದ,
ಯಾಕೆಂದು ಕೇಳದೆ, ಮರಗಟ್ಟಿದ ನಾಲಿಗೆಯಲ್ಲಿ.
ಹದಿನೇಳರ ಹೊತ್ತಿಗೆ ಇನ್ನಿಬ್ಬರು.
ಇಪ್ಪತ್ತೆರಡನ್ನು ಯಾರೋ ಎರಡು ಸಲ ಹೇಳಿದರು.
ಮೂವತ್ತು.

ಮಾವ ಚಿಪ್ಪು ತುಂಬಿ ನನ್ನ ಮುಂದಿಟ್ಟ.

ಟೋಪಿಯ ನೆರಳಿನಲ್ಲಿ
ಮೂರು ಚುಕ್ಕಿ ಕುಣಿಯುತ್ತಿವೆ.