ಹುರುಪೆಯ ಲೆಕ್ಕ

ಯಾವುದೋ ಚಳಿದೇಶದಿಂದ ಎಕ್ಕೂರಿನ ಕಾಲೇಜಿಗೆ
ಲಕೋಟೆ ಬರುತ್ತದೆ, ಅದರೊಳಗೆ ಪುಟ್ಟ ಪುಟ್ಟ ಲಕೋಟೆ,
ಒಂದೊಂದರಲ್ಲೂ ಟ್ರೌಟ್ ಮೀನಿನ ಹುರುಪೆ.
ಆ ಮೀನನ್ನು ನಾನು ಕಂಡಿಲ್ಲ.
ಪುಳಿಮುಂಚಿಗೆ ಆಗುತ್ತದೋ ಇಲ್ಲವೋ, ತಿಳಿಯದು.
ತೊಳೆಯುವುದು, ಗಾಜಿಗೆ ಹಚ್ಚುವುದು,
ಬಳೆ ಎಣಿಸಿ ಬರೆಯುವುದು ನನ್ನ ಕೆಲಸ.

ಬಳೆಗಳೇ ಅವು. ಹೊಳೆಯಲ್ಲಿದ್ದಷ್ಟು ವರ್ಷ
ಬಳೆಗಾರ ಹಿಂಡಿ ತೊಡಿಸಿದ ಹಾಗೆ ಒತ್ತೊತ್ತು,
ಕಡಲು ಸೇರಿದಲ್ಲಿಂದ ಒಮ್ಮೆಲೇ ಅಗಲ.
ಕೆಲವದರಲ್ಲಿ ಆ ಅಗಲ ಬರುವುದೇ ಇಲ್ಲ.
ಒಂದೇ ತಾಯಿ, ಒಂದೇ ಸಲದ ಮೊಟ್ಟೆ;
ಅಣ್ಣ ಹೊಳೆಯಲ್ಲೇ ಗೇಣುದ್ದಕ್ಕೆ ಪ್ರಾಯಕ್ಕೆ ಬಂದು ನಿಂತ,
ತಂಗಿ ಬೆಳ್ಳಿಬಣ್ಣ ಹೊದ್ದು ಉಪ್ಪಿಗೆ ಇಳಿದಳು.

ಯಾಕೆ ಸರ್, ಅಂದೆ.
ಕೊರೆಯಾ ಸರ್ ಕನ್ನಡಕ ಒರೆಸುತ್ತ:
"ಹೆತ್ತವರು ಕೊಡುವುದು ಹೊಸ್ತಿಲಿನ ಎತ್ತರ. ಅಷ್ಟೇ.
ಮೊದಲ ವರ್ಷ ಹೊಟ್ಟೆಗೆ ಸಿಕ್ಕಿದ್ದು
ಕಾಲಿನ ಉದ್ದ."
ಸ್ವಲ್ಪ ತಡೆದು,
"ಮೀನಿಗೆ ಕಾಲಿಲ್ಲ, ಬರೆದುಕೊಳ್ಳಬೇಡ."

ನಾವೂ ಅವಳಿ, ವಾರಿಜ ಮತ್ತು ನಾನು.
ಬೆಂಗ್ರೆಯ ಒಂದೇ ಚಾಪೆ, ಒಂದೇ ಬರಿ,
ಅಮ್ಮನಿಂದ ಇಳಿದುಬಂದ ಒಂದೇ ಮೆಂಡನ್.
ಹುಟ್ಟುವಾಗಲೇ ಅರ್ಧ ಕಿಲೋ ಕಡಿಮೆ ನಾನು;
ಮೊದಲ ಹಾಲು ಅವಳದ್ದು, ಉಳಿದರೆ ನನ್ನದು.
ಹನ್ನೊಂದಕ್ಕೇ ಮೈನೆರೆದಳು,
ಅಂಗಳದಲ್ಲಿ ಐದು ಹೆಂಗಸರು ನೀರೆರೆದರು.
ನನಗೆ ಹದಿನಾರಾದರೂ ಇಲ್ಲ.
ಅಜ್ಜಿ ಮೆಂತೆಗಂಜಿ ಬಡಿಸಿ
ಕಣ್ಣಲ್ಲೇ ಅಳೆಯುತ್ತಿದ್ದಳು.

ಅವಳಿಗೆ ಗಂಡು ನೋಡುವ ಹೊತ್ತಿಗೆ
ನಾನು ಫೆರಿ ಹತ್ತಿದ್ದೆ.
ಬೆಂಗ್ರೆಯಿಂದ ಬಂದರಿಗೆ ಹತ್ತು ನಿಮಿಷ,
ಆಗ ಎರಡು ರೂಪಾಯಿ.
ಇದನ್ನೂ ವಲಸೆ ಅನ್ನಬಹುದೇ ಸರ್,
ಎಂದು ಕೇಳಲಿಲ್ಲ.

ಭಾನುವಾರ ದಾಟಿ ಹೋಗುತ್ತೇನೆ.
ಹಿತ್ತಿಲ ಕಲ್ಲಿನ ಮೇಲೆ ಮಾಲಮೀನು ಕೆರೆಯುತ್ತ
ಮೊಣಕೈವರೆಗೂ ಹುರುಪೆ ಅವಳಿಗೆ.
ಹತ್ತು ತುಂಬದ ಮಗಳು, ಆಗಲೇ ನನ್ನ ಭುಜಕ್ಕೆ,
ಒಂದು ಕಾಲು ಒಳಗೆ, ಒಂದು ಹೊರಗೆ.
"ಹೊಸ್ತಿಲ ಮೇಲೆ ನಿಲ್ಲಬೇಡ ಮಾರಾಯ್ತಿ"
ಎಂದು ಎಷ್ಟು ಬೈದರೂ
ಕದಲುವುದಿಲ್ಲ.

ಅವಳ ತೋಳಿನಿಂದ ಒಂದು ಹುರುಪೆ ಕಿತ್ತು
ಬೆಳಕಿಗೆ ಹಿಡಿದೆ.
"ಎಂತ ಉಂಟು ಅದರಲ್ಲಿ?"
ಬರಿಗಣ್ಣಿಗೆ ಕಾಣುವುದಿಲ್ಲ, ಅಂದೆ.
ವಾರಿಜ ನಕ್ಕು, ನಡುವಿನ ದಪ್ಪ ತುಂಡನ್ನು
ನನ್ನ ಪಾಲಿಗೆಂದು ಬೇರೆ ತೆಗೆದಿಟ್ಟಳು.