ನಲವತ್ತು ಸೆಂಟು

ಐದು ಸಾವಿರ ಇದ್ದದ್ದು ಈ ವಾರ ಹತ್ತಾಗಿದೆ.
ಹಳೇ ಪೋಸ್ಟರಿನ ಮೇಲೆ ಹೊಸ ಪೋಸ್ಟರು.
ಅದೇ ಡಾರ್ಲಾ, ಅದೇ ಓರೆ ಹಲ್ಲಿನ ನಗು,
ಅಂಕಿ ಮಾತ್ರ ಒಂದು ಹೆಚ್ಚು.
ಸಸ್ಕಾಚೆವಾನಿನ ಈ ಬಡಗಣ ತುದಿಯಲ್ಲಿ
ಮೈನಸ್ ಮೂವತ್ತೊಂದಕ್ಕೆ ಕಂಬದ ಮರ ಕಲ್ಲು,
ಪಿನ್ನು ಇಳಿಯುವುದಿಲ್ಲ.
ಎವಂಜಲೀನ್ ಚಿಕ್ಕಮ್ಮ ಗ್ಲೌಸು ಕಳಚಿ
ಮಗಳ ಮುಖದ ಮೂಲೆಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿಯುತ್ತಾಳೆ,
ನಾನು ಹೊಡೆಯುತ್ತೇನೆ.

ತಲೆಗೆ ಬೆಲೆ ಕಟ್ಟುವುದು
ಕೊಂದವರ ತಲೆಗೆ ಅಂದುಕೊಂಡಿದ್ದೆ.
ನಮ್ಮ ಹುಡುಗಿಯ ತಲೆಗೆ ನಾವೇ ಕಟ್ಟಿದೆವು,
ಅದೂ ಚಿಲ್ಲರೆ ಕೂಡಿಸಿ:
ಮೂಸ್ ಮಾಂಸದ ಸಾರು, ಕರಿದ ರೊಟ್ಟಿ,
ಮಣಿ ಪೋಣಿಸಿದ ಎಪ್ಪತ್ತು ಜೊತೆ ಓಲೆ,
ಒಂದು ಸ್ಲೆಡ್ಡಿನ ಲಾಟರಿ. ಗೆದ್ದ ಹುಡುಗ
ಸ್ಲೆಡ್ಡು ವಾಪಸು ತಂದು ನಿಲ್ಲಿಸಿದ,
ಇನ್ನೊಂದು ಸಲ ಮಾರಿಕೊಳ್ಳಿ ಅಂತ.

ಅದೇ ಚಳಿಗಾಲ ಕೆಳಗಿನ ಪಟ್ಟಣದಲ್ಲಿ
ಯಾರದೋ ಕುದುರೆಗಾಡಿ ಟ್ರೇಲರು ಕಳವಾಯಿತು.
ಸುಳಿವು ಕೊಟ್ಟವರಿಗೆ ಹದಿನೈದು ಸಾವಿರ. ಒಂಬತ್ತು ದಿನಕ್ಕೆ ಸಿಕ್ಕಿತು.
ಇದನ್ನು ನಾನು ಚಿಕ್ಕಮ್ಮನಿಗೆ ಹೇಳಿಲ್ಲ.
ಅವಳೂ ನನಗೆ ಹೇಳಿಲ್ಲ.

ಫೋನು ಬರುತ್ತವೆ.
ಅರ್ಧ ಮುಂಗಡ ಕೊಡಿ ಅನ್ನುತ್ತದೆ ಒಂದು ದನಿ.
ಕನಸಲ್ಲಿ ನೀರು ಕಂಡೆ ಅನ್ನುತ್ತದೆ ಇನ್ನೊಂದು,
ಹೆಜ್ಜೆಗೊಂದು ಸರೋವರವಿರುವ ಸೀಮೆಯಲ್ಲಿ.
ಒಬ್ಬ ಬರೀ ಉಸಿರಾಡಿ ಇಟ್ಟುಬಿಡುತ್ತಾನೆ.
ಚಿಕ್ಕಮ್ಮ ಎಲ್ಲವನ್ನೂ ಕ್ಯಾಲೆಂಡರಿನಲ್ಲಿ ಬರೆಯುತ್ತಾಳೆ,
ಆ ಉಸಿರನ್ನೂ, ಗಂಟೆ ಸಮೇತ.
ಪೊಲೀಸಿನವನು ಬದಲಾದಾಗಲೆಲ್ಲ
(ಈಗಿನವನು ನಾಲ್ಕನೆಯವನು)
ಮೊದಲಿನಿಂದ ಓದಿ ಹೇಳುತ್ತಾಳೆ.

ಮೊನ್ನೆ ಎಫ್ರಾಯಿಮ್ ಮುದುಕ ಬಂದ.
ಬೂಟು ಬಿಚ್ಚದೆ ಬಾಗಿಲಲ್ಲೇ ನಿಂತು,
'ಎಲ್ಲಿದ್ದಾಳೋ ಗೊತ್ತಿಲ್ಲ ಮಗಳೇ.
ಆವತ್ತು ಶುಕ್ರವಾರ, ಅಂಗಡೀಲಿ
ಚಹಾಪುಡಿಗೆ ನಂಗೆ ನಲವತ್ತು ಸೆಂಟು ಕಡಿಮೆ ಬಿತ್ತು.
ಹಿಂದಿನಿಂದ ಒಂದು ಕೈ ಚಾಚಿ ಇಟ್ಟಿತು.
ಕೆಂಪು ಗ್ಲೌಸು, ಕಿರುಬೆರಳ ತುದಿ ಬಿಚ್ಚಿಕೊಂಡಿತ್ತು.
ಮುಖ ನೋಡಲಿಲ್ಲ, ನಾಚಿಕೆ.
ಈ ಸಲದ ಪೋಸ್ಟರಿನಲ್ಲಿ ಗ್ಲೌಸಿನ ಮಾತು ಬರೆದಿದ್ದೀರಿ.'

ಮೂರು ನಾಣ್ಯ ಮೇಜಿನ ಮೇಲಿಟ್ಟ.
ಬಹುಮಾನದ ಮಾತೆತ್ತಿದರೆ
ತಲೆಯಾಡಿಸಿದ. ಇದು ಸಾಲ, ಅಂದ.

ಎಷ್ಟು ಗಂಟೆ? ಕೇಳಿದಳು ಚಿಕ್ಕಮ್ಮ, ಪೆನ್ಸಿಲು ಹಿಡಿದು.
ಅಂಗಡಿಯ ರೇಡಿಯೋದಲ್ಲಿ ಬಿಂಗೋ ಶುರುವಾಗಿತ್ತು.
ಬಿಂಗೋ ಶುರುವಾಗುವುದು ನಾಲ್ಕಕ್ಕೆ.
ದಾಖಲೆಯಲ್ಲಿ ಅವಳು ಕೊನೆಗೆ ಕಂಡದ್ದು ಮೂರಕ್ಕೆ.
ಯಾರೂ ಮಾತಾಡಲಿಲ್ಲ.
ಒಂದು ಗಂಟೆ ಹೆಚ್ಚು ಇದ್ದಳು ಡಾರ್ಲಾ,
ಸರದಿಯಲ್ಲಿ ನಿಂತಿದ್ದಳು, ಏನನ್ನೋ ಕೊಳ್ಳುವುದಿತ್ತು.
ಎಕೊಸಿ, ಅಂದ ಮುದುಕ, ಅಷ್ಟೇ ಅಂತ.
ಆಮೇಲೆ ಬೂಟು ಬಿಚ್ಚಿದ. ಕೆಟಲು ಇಟ್ಟೆವು.

ಇವತ್ತು ಮತ್ತೆ ಕಂಬದಿಂದ ಕಂಬಕ್ಕೆ.
ಮೂರನ್ನು ಹೊಡೆದು ನಾಲ್ಕು ಬರೆಯಬೇಕು.
ಪೆನ್ನಿನ ಶಾಯಿ ಹೆಪ್ಪುಗಟ್ಟುತ್ತದೆ,
ಕಂಕುಳಲ್ಲಿಟ್ಟು ಬಿಸಿಮಾಡಿಕೊಂಡು
ಒಂದೊಂದೇ ಬರೆಯುತ್ತಿದ್ದೇನೆ.